ಮೇಡಂ ವೂ ವಾಪಸ್ ಮಾಡಿದ ಹಡಗಿನ ಟಿಕೆಟ್ಟು

ಈ ವರ್ಷಾನೂ ಊರಿಗೆ ಬರಕ್ಕಾಗಲ್ಲ ಅಂತ ಮೊನ್ನೆ ಅಪ್ಪಂಗೆ ಫೋನಲ್ಲಿ ಹೇಳ್ದೆ. ಪಾಸ್‌ಪೋರ್ಟಲ್ಲಿರೋ ವೀಸಾ ಮುಗಿದಿದೆ, ಬಂದ್ರೆ ಅಮೆರಿಕನ್ ಕಾನ್ಸುಲೇಟಲ್ಲಿ ಹೊಸ ವೀಸಾ ಸ್ಟಾಂಪಿಂಗ್ ಮಾಡಿಸ್ದೆ ವಾಪಸ್ ಬರೋ ಹಾಗಿಲ್ಲ, ಅದರ ಅಪಾಯಿಂಟ್ಮೆಂಟ್ ಸ್ಲಾಟ್ ನೋಡಿದ್ರೆ ಸಿಕ್ತಿಲ್ಲ. ಅಪ್ಪ "ಸರಿ ಬಿಡಮ್ಮ" ಅಂದ್ರು ಅಷ್ಟೆ. ಆ "ಸರಿ ಬಿಡಮ್ಮ" ಇದ್ಯಲ್ಲ, ಬೈದಿದ್ರೇ ವಾಸಿ ಇತ್ತು.

ನಾನು ಇಲ್ಲಿ ನ್ಯೂಯಾರ್ಕಲ್ಲಿ ಒಂದು ಲ್ಯಾಬಲ್ಲಿ ಕೆಲಸ ಮಾಡೋದು, ದ್ರವ ಹೀಲಿಯಂ ತುಂಬೋದು, ಪಂಪ್ ಎಲ್ಲಿ ಲೀಕ್ ಆಗ್ತಿದೆ ಹುಡುಕೋದು, ಅಂಥದ್ದು. ಜೆರ್ಸಿ ಸಿಟಿಯಿಂದ ಪಾತ್ ಟ್ರೈನು, ಆಮೇಲೆ ಒಂದನೇ ನಂಬರ್ ಸಬ್‌ವೇ, 116ನೇ ಸ್ಟ್ರೀಟಲ್ಲಿ ಇಳಿದು ಕೊಲಂಬಿಯಾ ಯೂನಿವರ್ಸಿಟಿಯ ಪ್ಯೂಪಿನ್ ಹಾಲ್ ಪಕ್ಕದಲ್ಲೇ ನಡ್ಕೊಂಡು ಹೋಗ್ತೀನಿ. ಆ ಬಿಲ್ಡಿಂಗಿನ 13ನೇ ಮಹಡೀಲಿ ಭೌತವಿಜ್ಞಾನಿ ಒಬ್ಬ ಹೆಂಗಸಿನ ಆಫೀಸಿತ್ತು, ಚಿಯೆನ್-ಶಿಯುಂಗ್ ವೂ ಅಂತ. ಎಲ್ಲರೂ ಮೇಡಂ ವೂ ಅಂತಿದ್ರು. ಅಪ್ಪನ ಫೋನ್ ಇಟ್ಟ ಮೇಲೆ ಯಾಕೋ ಅವರೇ ನೆನಪಾದ್ರು, ಯಾಕಂದ್ರೆ ಆಯಮ್ಮ 1936ರಲ್ಲಿ ಶಾಂಘೈಯಲ್ಲಿ ಹಡಗು ಹತ್ತಿದ್ಮೇಲೆ ಅಪ್ಪ ಅಮ್ಮನ ಮುಖ ಮತ್ತೆ ನೋಡಲೇ ಇಲ್ಲ.

ಹುಟ್ಟಿದ್ದು 1912ರಲ್ಲಿ, ಶಾಂಘೈ ಹತ್ತಿರದ ಲಿಯುಹೆ ಅನ್ನೋ ಚಿಕ್ಕ ಊರಲ್ಲಿ. ಹುಡುಗೀರನ್ನ ಓದಿಸೋದೇ ಅಪರೂಪ ಆಗಿದ್ದ ಕಾಲದಲ್ಲಿ ಅವರಪ್ಪ ವೂ ಝೊಂಗ್‌ಯಿ ಹುಡುಗೀರಿಗೆ ಅಂತಾನೇ ಮಿಂಗ್‌ದೆ ಅನ್ನೋ ಸ್ಕೂಲ್ ತೆರೆದರು, ಮಗಳು ಮೊದಲು ಓದಿದ್ದೂ ಅಲ್ಲೇ. ಶಿಯುಂಗ್ ಅಂದ್ರೆ ಅವರ ಭಾಷೇಲಿ ವೀರ ಅನ್ನೋ ಅರ್ಥವಂತೆ, ನಮ್ಮಲ್ಲಿ ಹೆಣ್ಣುಮಗೂಗೆ ವೀರಭದ್ರ ಅಂತ ಹೆಸರಿಟ್ಟ ಹಾಗೆ!

ನಾನ್‌ಜಿಂಗಲ್ಲಿ ಡಿಗ್ರಿ ಮುಗಿಸಿ ಅಮೆರಿಕದ ಮಿಶಿಗನ್‌ಗೆ ಅಂತ ಹೊರಟಿದ್ದೋರು. ಆದ್ರೆ ಅಲ್ಲಿ ಸ್ಟೂಡೆಂಟ್ಸ್ ಬಿಲ್ಡಿಂಗಿಗೆ ಹುಡುಗೀರು ಮುಂದಿನ ಬಾಗಿಲಿಂದ ಬರೋ ಹಾಗಿಲ್ಲ ಅಂತ ಗೊತ್ತಾಯ್ತು, ಅದು ಬೇಡವೇ ಬೇಡ ಅಂತ ಕ್ಯಾಲಿಫೋರ್ನಿಯಾದ ಬರ್ಕ್ಲಿ ಯೂನಿವರ್ಸಿಟಿಯಲ್ಲೇ ಉಳ್ಕೊಂಡ್ರು. 1940ರಲ್ಲಿ ಪಿಎಚ್‌ಡಿ. ಅಲ್ಲಿ ಕ್ಸೆನಾನ್ ಅನ್ನೋ ಅನಿಲದ ಮೇಲೆ ಮಾಡಿದ ಕೆಲಸ ನಾಲ್ಕು ವರ್ಷ ಆದ್ಮೇಲೆ ಯುದ್ಧದ ಟೈಮಲ್ಲಿ ಉಪಯೋಗಕ್ಕೆ ಬಂತು, ಅಣುಬಾಂಬಿಗೆ ಪ್ಲುಟೋನಿಯಂ ಮಾಡ್ತಿದ್ದ ಹ್ಯಾನ್‌ಫರ್ಡ್‌ನ ರಿಯಾಕ್ಟರ್ ಸ್ಟಾರ್ಟ್ ಮಾಡಿದ ಕೆಲವೇ ಗಂಟೇಲಿ ತಾನಾಗೇ ನಿಂತುಹೋಗೋದು, ಒಳಗೆ ಹುಟ್ಟೋ ಕ್ಸೆನಾನ್-135 ರಿಯಾಕ್ಟರ್ ಓಡಕ್ಕೆ ಬೇಕಾದ ನ್ಯೂಟ್ರಾನ್‌ಗಳನ್ನ ನುಂಗಿಹಾಕ್ತಿದೆ ಅಂತ ಖಾತ್ರಿ ಮಾಡ್ಕೊಳಕ್ಕೆ ಇವರ ಅಂಕಿಗಳೇ ಬೇಕಾದ್ವು. ಬಾಂಬಿನ ಕೆಲಸ ಅದು, ಅದರ ಬಗ್ಗೆ ನಂಗೆ ಹೆಮ್ಮೆ ಪಡಬೇಕೋ ಬೇಡವೋ ಇವತ್ತಿಗೂ ಗೊತ್ತಾಗಲ್ಲ.

ಲ್ಯಾಬಲ್ಲಿ ಕೈ ಕೊಳೆ ಮಾಡ್ಕೊಳೋರಿಗೆ ಇವರು ಯಾಕೆ ಇಷ್ಟ ಆಗ್ತಾರೆ ಅಂತ ಹೇಳ್ತೀನಿ. ಪರಮಾಣುವಿನ ನ್ಯೂಕ್ಲಿಯಸ್ಸು ಎಲೆಕ್ಟ್ರಾನ್ ಉಗುಳಿ ಬೇರೆ ಧಾತು ಆಗೋದಕ್ಕೆ ಬೀಟಾ ಕ್ಷಯ ಅಂತಾರೆ, ಅದರ ಬಗ್ಗೆ ಭೌತವಿಜ್ಞಾನಿ ಫೆರ್ಮಿ ಒಂದು ಥಿಯರಿ ಕೊಟ್ಟಿದ್ರು, ಪ್ರಯೋಗ ಮಾಡಿದೋರ ಲೆಕ್ಕ ಮಾತ್ರ ಅದಕ್ಕೆ ಹೊಂದ್ತಾ ಇರ್ಲಿಲ್ಲ, ಹೊರಗೆ ಬರೋ ಎಲೆಕ್ಟ್ರಾನ್‌ಗಳು ಇರಬೇಕಾದ್ದಕ್ಕಿಂತ ನಿಧಾನ. ವೂ ನೋಡಿದ್ದು ಥಿಯರೀನಲ್ಲ, ಸ್ಯಾಂಪಲ್ಲನ್ನ. ತಟ್ಟೆ ಮೇಲೆ ಪದಾರ್ಥ ಸರಿಯಾಗಿ ಹರಡಿಲ್ಲ, ಒಂದು ಕಡೆ ದಪ್ಪ ಒಂದು ಕಡೆ ತೆಳು, ಬಾಣಲಿಗೆ ಕಚ್ಚಿದ ದೋಸೆ ಥರ, ದಪ್ಪ ಇರೋ ಕಡೆ ಎಲೆಕ್ಟ್ರಾನ್ ಒಳಗೇ ಡಿಕ್ಕಿ ಹೊಡ್ಕೊಂಡು ಸುಸ್ತಾಗಿ ಈಚೆ ಬರುತ್ತೆ. ತಾಮ್ರದ ದ್ರಾವಣಕ್ಕೆ ಸ್ವಲ್ಪ ಡಿಟರ್ಜೆಂಟ್ ಹಾಕಿದ್ರು, ತೆಳ್ಳಗೆ ಸಮವಾಗಿ ಹರಡ್ಕೊಂಡ್ತು, ಲೆಕ್ಕ ಫೆರ್ಮಿ ಹೇಳಿದ ಹಾಗೇ ಬಂತು. ಸೋಪು ಮಾಡಿದ ಕೆಲಸ ನೋಡಿ.

1956ಕ್ಕೆ ಬರ್ತೀನಿ. ಚೀನಾ ಬಿಟ್ಟು 20 ವರ್ಷ ಆಗಿತ್ತು. ಗಂಡ ಲ್ಯೂಕ್ ಯುವಾನ್ ಜೊತೆ ಜಿನೀವಾ ಕಾನ್ಫರೆನ್ಸು, ಅಲ್ಲಿಂದ ಪೂರ್ವ ದೇಶಗಳ ಕಡೆ ಟೂರು ಅಂತ ಕ್ವೀನ್ ಎಲಿಜಬೆತ್ ಹಡಗಲ್ಲಿ ಟಿಕೆಟ್ ಬುಕ್ ಆಗಿತ್ತು. 1949ರಲ್ಲಿ ಕಮ್ಯುನಿಸ್ಟರು ಬಂದ ನಂತರ ಸ್ವಂತ ಊರಿಗೆ ಹೋಗೋ ದಾರಿ ಮುಚ್ಚಿತ್ತು, ಆ ದಿಕ್ಕಿಗಾದ್ರೂ ಹೋಗೋಣ ಅಂತಿದ್ರೇನೋ, ಅದು ನನ್ನ ಊಹೆ. ಅಷ್ಟರಲ್ಲಿ ಸಹೋದ್ಯೋಗಿ ತ್ಸುಂಗ್-ದಾವ್ ಲೀ ಆ 13ನೇ ಮಹಡಿಗೆ ಬಂದು, ಪ್ರಕೃತಿ ಎಡ-ಬಲ ಭೇದ ಮಾಡಲ್ಲ ಅಂತ ಎಲ್ಲರೂ ನಂಬಿದ್ದೀವಲ್ಲ, ಬೀಟಾ ಕ್ಷಯದಲ್ಲಿ ಅದನ್ನ ಯಾರಾದ್ರೂ ಪರೀಕ್ಷೆ ಮಾಡಿದ್ದಾರಾ ಅಂತ ಕೇಳಿದ್ರು. ಯಾರೂ ಮಾಡಿರ್ಲಿಲ್ಲ. ಬೇರೆಯೋರಿಗೆ ಹೊಳೆಯೋ ಮುಂಚೆ ನಾನೇ ಮಾಡ್ಬೇಕು ಅಂತ ವೂ ತಮ್ಮ ಟಿಕೆಟ್ ಬಿಟ್ಟುಕೊಟ್ರು, ಗಂಡ ಒಬ್ರೇ ಹೋದ್ರು.

ಪ್ರಯೋಗ ಏನಪ್ಪಾ ಅಂದ್ರೆ, ಒಂದು ಬುಗುರಿ ತಿರುಗಿಸಿ ಕನ್ನಡಿ ಮುಂದೆ ಬಿಡಿ. ಕನ್ನಡಿಯೊಳಗಿನ ಬುಗುರಿ ಉಲ್ಟಾ ತಿರುಗುತ್ತೆ, ಆದ್ರೆ ಮೇಲೆ ಮೇಲೇ, ಕೆಳಗೆ ಕೆಳಗೇ. ಕೋಬಾಲ್ಟ್-60 ಪರಮಾಣುವಿನ ನ್ಯೂಕ್ಲಿಯಸ್ಸೂ ಬುಗುರಿ ಥರಾನೇ, ತಿರುಗ್ತಾ ಎಲೆಕ್ಟ್ರಾನ್ ಉಗುಳುತ್ತೆ. ಕನ್ನಡಿಯ ಲೋಕಕ್ಕೂ ನಮ್ಮ ಲೋಕಕ್ಕೂ ಒಂದೇ ನಿಯಮ ಅಂದ್ರೆ ಮೇಲಕ್ಕೂ ಕೆಳಕ್ಕೂ ಸಮ ಹೋಗ್ಬೇಕು. ನೋಡ್ಬೇಕು ಅಂದ್ರೆ ಅಷ್ಟೂ ಬುಗುರಿಗಳನ್ನ ಒಂದೇ ಕಡೆ ಮುಖ ಮಾಡಿ ನಿಲ್ಲಿಸ್ಬೇಕು, ಬಿಸಿ ಇದ್ರೆ ಅವು ನಿಲ್ಲಲ್ಲ, ಅದಕ್ಕೆ ಸೊನ್ನೆ ಕೆಲ್ವಿನ್, ಅಂದ್ರೆ ಅದಕ್ಕಿಂತ ತಣ್ಣಗೆ ಇರಕ್ಕೇ ಆಗದ ಮೈನಸ್ 273 ಡಿಗ್ರಿಗಿಂತ ಬರೀ ನೂರರಲ್ಲೊಂದು ಡಿಗ್ರಿ ಮೇಲಿನ ತಣ್ಣಗೆ. ನಮ್ಮ ಲ್ಯಾಬಲ್ಲಿ 4 ಕೆಲ್ವಿನ್ ಮುಟ್ಟಿಸೋದ್ರಲ್ಲೇ ನಂಗೆ ಜೀವ ಹೋಗಿ ಬರುತ್ತೆ.

ಆ ತಣ್ಣಗಿನ ಮೆಷೀನು ಇದ್ದಿದ್ದು ವಾಷಿಂಗ್ಟನ್‌ನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ, ಅರ್ನೆಸ್ಟ್ ಆಂಬ್ಲರ್ ಮತ್ತವರ ತಂಡದ ಹತ್ರ. ಇಲ್ಲಿ ಪಾಠ, ಅಲ್ಲಿ ಪ್ರಯೋಗ, ಮಧ್ಯೆ ರೈಲು. ಥಂಡಿ ಹಿಡಿದಿಡಕ್ಕೆ ಕೋಬಾಲ್ಟ್ ಸುತ್ತ ಇಡೋ ದೊಡ್ಡ ಹರಳುಗಳು ಎಲ್ಲೂ ಸಿಗ್ಲಿಲ್ಲ, ತಾವೇ ಬೆಳೆಸ್ಕೊಂಡ್ರು. ತೂತು ಕೊರೆಯಕ್ಕೆ ಹೋದ್ರೆ ಒಡೀತಿತ್ತು, ಹಲ್ಲು ಡಾಕ್ಟರ್ ಡ್ರಿಲ್ ತಂದ್ರು. ಅಂಟು ಆ ಥಂಡೀಲಿ ಬಿಟ್ಕೊಳ್ತು, ನೈಲಾನ್ ದಾರದಲ್ಲಿ ಕಟ್ಟಿದ್ರು. ಇಷ್ಟೆಲ್ಲಾ ಮಾಡಿ ಸಿಗ್ತಿದ್ದಿದ್ದು ಕೆಲವೇ ನಿಮಿಷ, ಹರಳು ಬೆಚ್ಚಗಾದ್ರೆ ಬುಗುರಿಗಳೆಲ್ಲ ಚೆಲ್ಲಾಪಿಲ್ಲಿ. ಆ ಕೆಲವು ನಿಮಿಷದಲ್ಲಿ ಕಂಡಿದ್ದು ಎಲೆಕ್ಟ್ರಾನ್‌ಗಳು ಒಂದೇ ಕಡೆಗೆ ಜಾಸ್ತಿ ಹೋಗ್ತಿವೆ ಅಂತ, ಅಂದ್ರೆ ಪ್ರಕೃತಿ ಎಡ-ಬಲ ಭೇದ ಮಾಡುತ್ತೆ ಅಂತ. ಕ್ರಿಸ್‌ಮಸ್ ಹಿಂದಿನ ರಾತ್ರಿ ಹಿಮ ಬಿದ್ದು ವಿಮಾನ ಇಲ್ದೆ ಕೊನೇ ರೈಲಲ್ಲಿ ನ್ಯೂಯಾರ್ಕಿಗೆ ಬಂದು ಲೀಗೆ ವಿಷಯ ಹೇಳಿದ್ರು, ಆದ್ರೂ ಮತ್ತೆ ಮತ್ತೆ ಚೆಕ್ ಮಾಡೋದು ಬಿಡ್ಲಿಲ್ಲ. 1957ರ ಜನವರಿ 9ರ ಬೆಳಗಿನ ಜಾವ ಎರಡು ಗಂಟೆಗೆ ಎಲ್ಲಾ ಪಕ್ಕಾ ಆಯ್ತು, ತಂಡದ ಹಡ್ಸನ್ ಡ್ರಾಯರಿಂದ ಒಂದು ಒಳ್ಳೆ ವೈನ್ ಬಾಟ್ಲಿ ತೆಗೆದ್ರು, ಪೇಪರ್ ಕಪ್ಪಲ್ಲಿ ಕುಡಿದ್ರು.

ಅದೇ ವರ್ಷ ನೊಬೆಲ್ ಬಂತು, ಲೀ ಮತ್ತು ಅವರ ಜೊತೆ ಸೇರಿ ಆ ಪ್ರಶ್ನೆ ಎತ್ತಿದ್ದ ಯಾಂಗ್‌ಗೆ. ವೂಗೆ ಇಲ್ಲ. ಅನ್ಯಾಯ ಅಂತ ಎಲ್ಲರೂ ಹೇಳ್ತಾರೆ, ನಾನೂ ಹೇಳ್ತೀನಿ, ಆದ್ರೆ ಹೀಲಿಯಂ ತುಂಬೋಳು ನಾನು, ಆ ತಣ್ಣಗಿನ ಮೆಷೀನು ನಡೆಸಿದ ಆಂಬ್ಲರ್, ಹೇವರ್ಡ್, ಹಾಪ್ಸ್, ಹಡ್ಸನ್ ಈ ನಾಲ್ಕು ಹೆಸರು ಯಾರ ಬಾಯಲ್ಲೂ ಬರಲ್ವಲ್ಲ ಅನ್ನೋದೂ ನನ್ನ ಹೊಟ್ಟೆಯುರಿ. ಮುಂದೆ ವೂಗೆ 1978ರಲ್ಲಿ ಭೌತಶಾಸ್ತ್ರದ ಮೊದಲ ವುಲ್ಫ್ ಪ್ರಶಸ್ತಿ ಸಿಕ್ತು, 1975ರಲ್ಲಿ ಅಮೆರಿಕನ್ ಫಿಸಿಕಲ್ ಸೊಸೈಟಿಯ ಮೊದಲ ಮಹಿಳಾ ಅಧ್ಯಕ್ಷೆ ಆದ್ರು. ಲ್ಯಾಬ್ ಕೋಟ್ ಒಳಗೆ ಚೀನಾದ ಚಿಪಾವ್ ಉಡುಪೇ ಹಾಕ್ತಿದ್ರಂತೆ. ನಾನು ಒಂದ್ಸಲ ಯುಗಾದಿಗೆ ಸೀರೆ ಉಟ್ಕೊಂಡು ಹೋಗಿ ಸೇಫ್ಟಿಯೋರ ಹತ್ರ ಬೈಸ್ಕೊಂಡೆ.

ಅವರಪ್ಪ 1959ರಲ್ಲಿ ಹೋದ್ರು, ಅಮ್ಮ 1962ರಲ್ಲಿ. ಇವರು ಚೀನಾಕ್ಕೆ ಕಾಲಿಟ್ಟಿದ್ದು 1973ರಲ್ಲಿ, ಅಷ್ಟೊತ್ತಿಗೆ ಮಾವೋನ ಸಾಂಸ್ಕೃತಿಕ ಕ್ರಾಂತಿಯೋರು ಅವರ ಸಮಾಧಿಗಳನ್ನೂ ಹಾಳು ಮಾಡಿದ್ರು. 1997ರಲ್ಲಿ ನ್ಯೂಯಾರ್ಕಲ್ಲೇ ತೀರ್ಕೊಂಡ್ರು, ಬೂದಿ ತಗೊಂಡೋಗಿ ಇಟ್ಟಿದ್ದು ಲಿಯುಹೆಯಲ್ಲಿ, ಅವರಪ್ಪ ಕಟ್ಟಿದ ಆ ಸ್ಕೂಲಿನ ಅಂಗಳದಲ್ಲಿ.

ನಿನ್ನೆ ಈ ಕಥೇನೆಲ್ಲ ಅಪ್ಪಂಗೆ ಹೇಳ್ದೆ. ಬುಗುರಿ ವಿಷಯ ಎರಡು ಸಲ ಹೇಳಿಸ್ಕೊಂಡ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು, "ಅದಿರ್ಲಿ, ಆ ಸ್ಲಾಟು ರಾತ್ರಿ ಹೊತ್ತು ನೋಡಿದ್ಯಾ?" ಅಂದ್ರು.