ಕ್ರೆಡಿಟ್ ಕಾರ್ಡಿನ ರೀಫಂಡ್: ಸ್ಟೇಟ್‌ಮೆಂಟಿನಲ್ಲಿ ಎಲ್ಲಿ ಹುಡುಕಬೇಕು

ಆನ್‌ಲೈನಿನಲ್ಲಿ ಕೊಂಡ ವಸ್ತುವನ್ನು ಹಿಂದಿರುಗಿಸಿ, ಹಣ ಮರಳಿಸಿದ್ದೇವೆ ಎಂಬ ಸಂದೇಶವೂ ಅಂಗಡಿಯವರಿಂದ ಬಂದ ಮೇಲೆ, ಕಾರ್ಡಿನ ಸ್ಟೇಟ್‌ಮೆಂಟಿನಲ್ಲಿ ಹಳೆಯ ಖರ್ಚು ಹಾಗೆಯೇ ಇರುವುದನ್ನು ಕಂಡು ಗಾಬರಿಯಾಗುವವರು ಬಹಳ ಮಂದಿ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಾದರೆ ವಾಪಸು ಕೊಟ್ಟ ಸಾಮಾನಿನ ಬಾಬತ್ತನ್ನು ಅಂಗಡಿಯವರು ಗೀಟು ಎಳೆದು ಹೊಡೆದುಹಾಕುತ್ತಾರೆ. ಬ್ಯಾಂಕು ಖರೀದಿಯ ಸಾಲನ್ನು ಮುಟ್ಟುವುದೇ ಇಲ್ಲ. ಮರಳಿ ಬಂದ ಹಣಕ್ಕೆ ಬೇರೆ ತಾರೀಖು ಹಾಕಿ, ಬೇರೆ ಸಾಲು ಬರೆದು, ಮೊತ್ತದ ಪಕ್ಕದಲ್ಲಿ ಸಾಮಾನ್ಯವಾಗಿ ‘ಸಿಆರ್’ (ಕ್ರೆಡಿಟ್, ಅಂದರೆ ಜಮಾ) ಎಂಬ ಗುರುತನ್ನು ಇಡುತ್ತದೆ. ಆ ತಾರೀಖು ಯಾವ ಬಿಲ್ಲಿಂಗ್ ಸೈಕಲ್ಲಿಗೆ, ಅಂದರೆ ಒಂದು ಸ್ಟೇಟ್‌ಮೆಂಟಿನಿಂದ ಮುಂದಿನದರವರೆಗಿನ ಯಾವ ಅವಧಿಗೆ, ಸೇರುತ್ತದೆ ಎಂಬುದರ ಮೇಲೆ ಮಿಕ್ಕ ಲೆಕ್ಕವೆಲ್ಲ ನಿಂತಿದೆ.

ಒಂದು ಉದಾಹರಣೆಯನ್ನು ನೋಡೋಣ. ಪ್ರತಿ ತಿಂಗಳು 12ರಂದು ಸ್ಟೇಟ್‌ಮೆಂಟ್ ತಯಾರಾಗುವ, ಮುಂದಿನ ತಿಂಗಳ 1ರಂದು ಹಣ ಕಟ್ಟಬೇಕಾದ ಕಾರ್ಡೊಂದರಲ್ಲಿ 4ನೇ ತಾರೀಖು 18,000 ರೂಪಾಯಿಯ ಫೋನು ಕೊಂಡು, 9ಕ್ಕೆ ಅದನ್ನು ಹಿಂದಿರುಗಿಸಿ, 15ಕ್ಕೆ ರೀಫಂಡ್ ಬಂತೆಂದು ಇಟ್ಟುಕೊಳ್ಳಿ. ಇತರ ಖರ್ಚು 7,000 ರೂಪಾಯಿ ಇದ್ದರೆ 12ರ ಸ್ಟೇಟ್‌ಮೆಂಟ್ ಒಟ್ಟು ಬಾಕಿಯನ್ನು 25,000 ಎಂದೇ ತೋರಿಸುತ್ತದೆ. ರೀಫಂಡ್ ಬಂದ ಮೇಲೂ ಇಮೇಲಿನಲ್ಲಿರುವ ಆ ಪಿಡಿಎಫ್ ಬದಲಾಗುವುದಿಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಇವತ್ತಿನ ಬಾಕಿ 7,000ಕ್ಕೆ ಇಳಿದಿರುತ್ತದೆ. ರೀಫಂಡಿನ ಸಾಲು ಕಾಣಸಿಗುವುದು ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ. ಅಲ್ಲಿನ ಸಾರಾಂಶದಲ್ಲಿ ನೀವು ಕಟ್ಟಿದ ಹಣವನ್ನೂ ಅಂಗಡಿಯಿಂದ ಮರಳಿದ ಹಣವನ್ನೂ ಒಟ್ಟುಗೂಡಿಸಿ ಒಂದೇ ಅಂಕಿಯಾಗಿ ತೋರಿಸುವುದು ರೂಢಿಯಾದ್ದರಿಂದ, ಕೆಳಗಿನ ವಿವರಗಳನ್ನು ಸಾಲುಸಾಲಾಗಿ ಓದದ ಹೊರತು ಅದು ಕಣ್ಣಿಗೆ ಬೀಳುವುದಿಲ್ಲ. ಅಂಗಡಿಯ ಪರಿಚಿತ ಹೆಸರಿನ ಬದಲು ಅದರ ನೋಂದಾಯಿತ ಕಂಪನಿಯ ಹೆಸರೋ ಪಾವತಿಯನ್ನು ಅಂಗಡಿಗೆ ದಾಟಿಸುವ ಪೇಮೆಂಟ್ ಗೇಟ್‌ವೇಯ ಹೆಸರೋ ಇರಬಹುದಾದ ಕಾರಣ, ಹುಡುಕುವಾಗ ಮೊತ್ತವನ್ನು ನೆಚ್ಚಿಕೊಳ್ಳುವುದು ಮೇಲು.

ಹಾಗಾದರೆ 1ನೇ ತಾರೀಖಿಗೆ ಕಟ್ಟಬೇಕಾದದ್ದು 25,000ವೋ 7,000ವೋ? ಈ ಗೊಂದಲಕ್ಕೆ ಭಾರತೀಯ ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಹೊರಡಿಸಿದ ಕಾರ್ಡು ನಿರ್ದೇಶನಗಳಲ್ಲಿ ಉತ್ತರ ಕೊಟ್ಟಿತು. ಬಾಕಿಯನ್ನು ಇನ್ನೂ ಕಟ್ಟದಿರುವಾಗ, ಗಡುವಿಗೆ ಮೊದಲು ಬಂದ ರೀಫಂಡನ್ನು ಬ್ಯಾಂಕು ಕೂಡಲೇ ಆ ಬಾಕಿಗೆ ಹೊಂದಿಸಿ ಗ್ರಾಹಕರಿಗೆ ತಿಳಿಸಬೇಕು. ಅಂದರೆ ಮೇಲಿನ ಲೆಕ್ಕದಲ್ಲಿ ಉಳಿಯುವುದು 7,000 ಮಾತ್ರ. ಆದರೆ ಬರಲಿರುವ ರೀಫಂಡನ್ನು ನಂಬಿಕೊಂಡು ಕಡಿಮೆ ಕಟ್ಟುವುದು ಬೇರೆ ಮಾತು. ಅದು 15ರ ಬದಲು, ಗಡುವು ದಾಟಿದ ಮೇಲೆ, ಮುಂದಿನ ತಿಂಗಳ 3ಕ್ಕೆ ಜಮಾ ಆದರೆ ಬಡ್ಡಿ ಬೀಳುತ್ತದೆ, ಆ ಬಡ್ಡಿಗೆ ಅಂಗಡಿಯವರು ಜವಾಬ್ದಾರರಾಗುವುದಿಲ್ಲ. ಗಡುವಿನ ದಿನಕ್ಕೆ ಜಮಾ ಕಾಣದಿದ್ದರೆ ಪೂರ್ತಿ ಕಟ್ಟಿಬಿಡುವುದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ.

ಪೂರ್ತಿ ಕಟ್ಟಿದ ಮೇಲೆ ರೀಫಂಡ್ ಬಂದರೆ ಕಾರ್ಡಿನಲ್ಲಿ ನಿಮ್ಮ ಹಣವೇ ಹೆಚ್ಚುವರಿಯಾಗಿ ನಿಲ್ಲುತ್ತದೆ. ಸ್ಟೇಟ್‌ಮೆಂಟಿನ ಒಟ್ಟು ಬಾಕಿ ಋಣ ಚಿಹ್ನೆಯೊಂದಿಗೋ ‘ಸಿಆರ್’ ಗುರುತಿನೊಂದಿಗೋ ಕಾಣಿಸಿಕೊಳ್ಳುತ್ತದೆ. ಇದು ನೀವು ಬ್ಯಾಂಕಿಗೆ ಬಡ್ಡಿಯಿಲ್ಲದೆ ಕೊಟ್ಟ ಸಾಲವೆಂದರೂ ತಪ್ಪಿಲ್ಲ. ಅದೇ ನಿರ್ದೇಶನಗಳ ಪ್ರಕಾರ, ಹೀಗೆ ಬಂದ ಮೊತ್ತ ಕಾರ್ಡಿನ ಮಿತಿಯ ಶೇಕಡಾ 1 ಅಥವಾ 5,000 ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಿದರೆ, ಅದನ್ನು ಕಾರ್ಡಿನಲ್ಲೇ ಹೊಂದಿಸಿಕೊಳ್ಳಲು ಬ್ಯಾಂಕು ಏಳು ದಿನದೊಳಗೆ ಇಮೇಲ್ ಅಥವಾ ಎಸ್‌ಎಂಎಸ್ ಮೂಲಕ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಸಿಗದಿದ್ದರೆ ಹಣವನ್ನು ಗ್ರಾಹಕರ ಬ್ಯಾಂಕ್ ಖಾತೆಗೆ ಹಾಕಬೇಕು. ಎರಡು ಲಕ್ಷದ ಮಿತಿಯಿರುವ ಕಾರ್ಡಿಗೆ ಈ ಗೆರೆ 2,000 ರೂಪಾಯಿ. ಮೊತ್ತ ಎಷ್ಟೇ ಸಣ್ಣದಿರಲಿ, ಹೆಚ್ಚುವರಿ ಹಣವನ್ನು ಖಾತೆಗೆ ಕಳುಹಿಸಿ ಎಂದು ನೀವಾಗಿಯೇ ಕೇಳಿದರೆ ಮೂರು ಕೆಲಸದ ದಿನಗಳಲ್ಲಿ ಕಳುಹಿಸಬೇಕು. ಈ ಹಕ್ಕನ್ನು ಕೇಳಿ ಪಡೆಯುವವರು ನನ್ನ ಪರಿಚಿತರಲ್ಲಿ ತೀರ ಕಡಿಮೆ.

ಕೆಲವೊಮ್ಮೆ ರೀಫಂಡಿನ ಸಾಲು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಏಕೆಂದರೆ ಖರೀದಿಯ ಸಾಲೂ ಅಲ್ಲಿರುವುದಿಲ್ಲ. ಆರ್ಡರು ಮಾಡಿದ ಸ್ವಲ್ಪ ಹೊತ್ತಿನಲ್ಲೇ ರದ್ದುಮಾಡಿದಾಗ, ಅಂಗಡಿಯ ಕಡೆಯಿಂದ ಹಣದ ವಸೂಲಿ ಇನ್ನೂ ಆಗದೆ ಕಾರ್ಡಿನ ಮಿತಿಯಲ್ಲಿ ಅಷ್ಟು ಮೊತ್ತವನ್ನು ತಡೆಹಿಡಿದಿಟ್ಟಿರುತ್ತಾರೆ. ತಡೆ ತೆರವಾದರೆ ಬಳಸಬಹುದಾದ ಮಿತಿ ಮೊದಲಿನಂತಾಗುತ್ತದೆ, ಸ್ಟೇಟ್‌ಮೆಂಟಿನಲ್ಲಿ ಅದರ ಸುಳಿವೂ ಇರುವುದಿಲ್ಲ.

ನಿಜವಾದ ತಲೆನೋವು ಇಎಂಐ ಖರೀದಿಗಳದು. ವಸ್ತುವಿನ ಪೂರ್ತಿ ಬೆಲೆ ಜಮಾ ಆದರೂ ಇಎಂಐ ತಾನಾಗಿ ನಿಲ್ಲುತ್ತದೆಂಬ ಖಾತರಿಯಿಲ್ಲ. ಅದನ್ನು ರದ್ದುಪಡಿಸುವಂತೆ ಬ್ಯಾಂಕಿಗೆ ಹೇಳದಿದ್ದರೆ ಒಂದು ಕಡೆ ಜಮಾ, ಇನ್ನೊಂದು ಕಡೆ ಪ್ರತಿ ತಿಂಗಳ ಕಂತು ಎರಡೂ ಸಾಗುತ್ತಿರಬಹುದು. ಅಷ್ಟರಲ್ಲಿ ಕಟ್ಟಿದ ಬಡ್ಡಿ, ಪ್ರೊಸೆಸಿಂಗ್ ಶುಲ್ಕ, ಅವುಗಳ ಮೇಲಿನ ಶೇಕಡಾ 18ರ ಜಿಎಸ್‌ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಡಾಲರಿನಲ್ಲಿ ಕೊಂಡು ಹಿಂದಿರುಗಿಸಿದ ವಸ್ತುವಿಗೂ ಕಟ್ಟಿದಷ್ಟೇ ರೂಪಾಯಿ ಬರುವುದು ಅಪರೂಪ, ಏಕೆಂದರೆ ರೀಫಂಡಿನ ಹೊತ್ತಿನ ವಿನಿಮಯ ದರ ಬೇರೆ. ಖರೀದಿಗೆ ಸಿಕ್ಕಿದ್ದ ರಿವಾರ್ಡ್ ಪಾಯಿಂಟುಗಳನ್ನು ಮಾತ್ರ ಬ್ಯಾಂಕು ಮರೆಯದೆ ಕಳೆಯುತ್ತದೆ.

ಹಣ ಕಳುಹಿಸಿದ್ದೇವೆಂದು ಅಂಗಡಿಯವರು, ಬಂದಿಲ್ಲವೆಂದು ಬ್ಯಾಂಕಿನವರು ಹೇಳತೊಡಗಿದರೆ ಅಂಗಡಿಯವರಿಂದ ಆ ರೀಫಂಡಿನ ಎಆರ್‌ಎನ್ (ಕಾರ್ಡು ವ್ಯವಹಾರವನ್ನು ಗುರುತಿಸುವ ಉಲ್ಲೇಖ) ಸಂಖ್ಯೆಯನ್ನು ಕೇಳಿ ಪಡೆಯಬೇಕು. ವೀಸಾ, ಮಾಸ್ಟರ್‌ಕಾರ್ಡ್ ವ್ಯವಹಾರಗಳಲ್ಲಿ ಇದು 23 ಅಂಕಿಗಳ ಸಂಖ್ಯೆ. ಇದನ್ನು ಕೊಟ್ಟರೆ ಹಣ ಎಲ್ಲಿದೆಯೆಂದು ಕಾರ್ಡು ಕೊಟ್ಟ ಬ್ಯಾಂಕು ಪತ್ತೆಹಚ್ಚಬಲ್ಲದು. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನಗಳಾದರೂ ಉತ್ತರ ಬಾರದಿದ್ದರೆ ಗ್ರಾಹಕರ ದೂರುಗಳನ್ನು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಸಲ್ಲಿಸಬಹುದು, ಅದಕ್ಕೆ ಶುಲ್ಕವಿಲ್ಲ.