ಒಬ್ರೇ ಬೆಳೆಸಿದ ಮಕ್ಳು ಕಾಲೇಜಿಗೆ ಬಂದಾಗ

ಅಪ್ಪನೋ ಅಮ್ಮನೋ ಒಬ್ರೇ ಬೆಳೆಸಿದ್ದಾರೆ ಅಂದ್ರೆ ಆ ಹುಡುಗ್ರಿಗೆ ಏನೋ ಪ್ರಾಬ್ಲಂ ಇದ್ದೇ ಇರತ್ತೆ ಅಂತ ಜನ ಮೊದ್ಲೇ ತೀರ್ಮಾನ ಮಾಡ್ಬಿಟ್ಟಿರ್ತಾರೆ, ಕೇಳಿದ್ರೇನೇ ಕಿರಿಕಿರಿ ಆಗತ್ತೆ ನಂಗೆ. 1991ರಲ್ಲಿ ಪಾಲ್ ಅಮಾಟೊ, ಬ್ರೂಸ್ ಕೀತ್ ಅನ್ನೋ ಇಬ್ರು ಅಮೆರಿಕದ ಸಂಶೋಧಕರು 92 ಸ್ಟಡಿಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು, ಡಿವೋರ್ಸ್ ಆದ ಮನೆ ಮಕ್ಕಳು ಸರಾಸರಿಯಲ್ಲಿ ಸ್ವಲ್ಪ ಹಿಂದೆ ಇದ್ದಿದ್ದು ನಿಜ, ಆದ್ರೆ ವ್ಯತ್ಯಾಸ ಸಣ್ಣದು. ಅಪ್ಪ ಅಮ್ಮ ಜೊತೆಗಿದ್ದೂ ದಿನಾ ಕಿತ್ತಾಡೋ ಮನೆ ಮಕ್ಕಳ ಪಾಡು ಅದಕ್ಕಿಂತ ಕಷ್ಟ.

ಕಾಲೇಜಲ್ಲಿ ತೊಂದ್ರೆ ಬರೋದು ಬೇರೆ ಕಡೆಯಿಂದ. ನಾನು ಹಾಸ್ಟೆಲ್ ಸೇರ್ಬಿಟ್ಟೆ, ಮನೇಲಿ ಅಮ್ಮನ ಜೊತೆ ಮಾತಾಡೋಕೆ ಯಾರಿದ್ದಾರೆ ಅನ್ನೋ ಗಿಲ್ಟು ಈ ಹುಡುಗ್ರಿಗೆ. ಚಿಕ್ಕೋರಿದ್ದಾಗ್ಲೇ ಮನೆ ಬಿಲ್ಲು, ತಮ್ಮನ ಹೋಮ್‌ವರ್ಕು, ಅಮ್ಮನ ಅಳು ಎಲ್ಲಾ ಸಂಭಾಳಿಸಿ ಅಭ್ಯಾಸ ಆದೋರು ಜವಾಬ್ದಾರಿ ಬೇಗ ಕಲೀತಾರೆ ಸರಿ, ಆದ್ರೆ ನಂಗೆ ಆಗ್ತಿಲ್ಲ ಸ್ವಲ್ಪ ಹೆಲ್ಪ್ ಮಾಡಿ ಅಂತ ಬಾಯ್ಬಿಟ್ಟು ಕೇಳೋದು ಅವ್ರಿಗೆ ಬರೋದೇ ಇಲ್ಲ, ಫ್ರೆಂಡ್ಸ್ ಹತ್ರ ಕೂಡ ನಗ್ತಾನೇ ಇರ್ತಾರೆ.

ಇನ್ನೊಂದು, ನಾವು ಡಿಪ್ರೆಶನ್ನು ಅಂತ ಕರಿಯೋದ್ರಲ್ಲಿ ಎಷ್ಟೋ ಸಲ ದುಡ್ಡಿನ ಟೆನ್ಶನ್ನೇ ಅರ್ಧ ಇರತ್ತೆ, ಒಂದೇ ಸಂಬಳದಲ್ಲಿ ಫೀಸು ಬಾಡಿಗೆ ಎರಡೂ ಆಗ್ಬೇಕಲ್ಲ. ಕೌನ್ಸೆಲರ್‌ಗಳು ಬಾಲ್ಯದ ಬಗ್ಗೆ ಆಮೇಲೆ ಕೇಳ್ಲಿ, ಮೊದ್ಲು ಫೀಸ್ ಕಟ್ಟಿದ್ಯಾ ಅಂತ ಕೇಳ್ಲಿ.