ಬೆಟ್ಟ ಹತ್ತುವವರು, ವಿಮಾನ ಹತ್ತುವವರು

ಅಕ್ಕನ ಮಗಳು ಪೈಲಟ್ ಟ್ರೈನಿಂಗ್‌ನಲ್ಲಿದ್ದಾಳೆ. ರಜೆಗೆ ತೀರ್ಥಹಳ್ಳಿಗೆ ಬಂದವಳು ಪುಸ್ತಕ ಹಿಡಿದು ಸೀದಾ ನನ್ನ ರೇಡಿಯೋ ಕೋಣೆಗೇ ಬಂದಳು. ಆರ್‌ಟಿಆರ್ ಪರೀಕ್ಷೆಗೆ ಓದಬೇಕಿತ್ತು. ವಿಮಾನದ ರೇಡಿಯೋದಲ್ಲಿ ಮಾತಾಡಬೇಕಾದರೆ ಅದು ಪಾಸಾಗಲೇಬೇಕು.

"ಮಾವ, ಇದರಲ್ಲಿ ಅರ್ಧಕ್ಕರ್ಧ ನಿಮಗೆ ಗೊತ್ತಿರೋದೇ" ಅಂದಳು.

ಹೌದು, ಗೊತ್ತಿರುವುದೇ. ನಾನು ಹ್ಯಾಮ್, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡುವವನು. ನಮ್ಮ ಹ್ಯಾಮ್ ಪರೀಕ್ಷೆ, ಪೈಲಟ್‌ಗಳ ಆರ್‌ಟಿಆರ್ ಎರಡನ್ನೂ ಬಹಳ ವರ್ಷ ನಡೆಸಿದ್ದು ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ಎಂಬ ವಿಭಾಗ. ಪೈಲಟ್‌ಗಳದ್ದು 2025ರಲ್ಲಿ ನಾಗರಿಕ ವಿಮಾನಯಾನದ ನಿರ್ದೇಶನಾಲಯ ಡಿಜಿಸಿಎ ಕೈಗೆ ಹೋಯಿತು. ಎ, ಬಿ, ಸಿ ಸ್ಪಷ್ಟವಾಗಿ ಕೇಳಲೆಂದು ಹೇಳುವ ಆಲ್ಫಾ, ಬ್ರಾವೋ, ಚಾರ್ಲಿ ಇಬ್ಬರಿಗೂ ಒಂದೇ. ಕ್ಯೂ ಕೋಡ್, ಅಂದರೆ ಕ್ಯೂನಿಂದ ಶುರುವಾಗುವ ಮೂರಕ್ಷರದ ಸಂಕೇತಗಳು, ಕೂಡ ಒಂದೇ ಮನೆತನದ್ದು. ನಾವು ಊರು ಯಾವುದೆಂದು ಕೇಳಲು ಕ್ಯೂಟಿಎಚ್ ಅನ್ನುತ್ತೇವೆ, ಅವಳು ಎತ್ತರ ತೋರಿಸುವ ಆಲ್ಟಿಮೀಟರ್ ಹೊಂದಿಸಲು ಕ್ಯೂಎನ್‌ಎಚ್, ಅಂದರೆ ಗಾಳಿಯ ಒತ್ತಡ, ಕೇಳುತ್ತಾಳೆ. ಎರಡೂ ಹುಚ್ಚು ಒಬ್ಬರಿಗೇ ಹಿಡಿದಿದ್ದೂ ಉಂಟು. ರಾಜೀವ್ ಗಾಂಧಿ ರಾಜಕೀಯಕ್ಕೆ ಬರುವ ಮೊದಲು ಇಂಡಿಯನ್ ಏರ್‌ಲೈನ್ಸ್ ಪೈಲಟ್ ಆಗಿದ್ದರು. ಹ್ಯಾಮ್ ಆಗಿ ಅವರ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿನ ಗುರುತು, ವಿಯು2ಆರ್‌ಜಿ. 2025ರ ಜುಲೈನಲ್ಲಿ ವಾಯುಪಡೆಯ ಪೈಲಟ್ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ನಮ್ಮ ಮಕ್ಕಳ ಜೊತೆ ಮಾತಾಡಿದ್ದೂ ಹ್ಯಾಮ್ ರೇಡಿಯೋದಲ್ಲೇ.

ಆದರೆ ಮಲೆನಾಡಿನಲ್ಲಿ ಕೂತ ನನಗೆ ಇವೆರಡರ ನಂಟು ಜಾಸ್ತಿ ಕಾಣುವುದು ಎತ್ತರದಲ್ಲಿ.

ನಮ್ಮ ಮನೆ ಎರಡು ಗುಡ್ಡದ ನಡುವೆ, ತೋಟದ ತಲೆಗೆ ಇದೆ. ನಮ್ಮ ಎರಡು ಮೀಟರ್ ಬ್ಯಾಂಡ್, ಅಂದರೆ 144ರಿಂದ 146 ಮೆಗಾಹರ್ಟ್ಸ್, ಹೆಚ್ಚುಕಡಿಮೆ ಕಣ್ಣಿಗೆ ಕಾಣುವಷ್ಟು ದೂರವೇ ಹೋಗುವುದು. ಐದು ವ್ಯಾಟ್‌ನ ಹ್ಯಾಂಡಿ (ಕೈ ರೇಡಿಯೋ) ಹಿಡಿದು ಅಂಗಳದಲ್ಲಿ ನಿಂತರೆ ಗುಡ್ಡದಾಚೆಯ ಗೆಳೆಯನಿಗೂ ಕೇಳುವುದಿಲ್ಲ. ಅದನ್ನೇ ಕೊಡಚಾದ್ರಿಯ ತುದಿಗೆ ಒಯ್ದರೆ ಕರಾವಳಿ ಪೂರ್ತಿ ತೆರೆದುಕೊಳ್ಳುತ್ತದೆ. ಲೆಕ್ಕ ಸುಲಭ. ಎತ್ತರವನ್ನು ಮೀಟರಿನಲ್ಲಿ ಬರೆದು, ವರ್ಗಮೂಲ ತೆಗೆದು, 4.12ರಿಂದ ಗುಣಿಸಿ. ರೇಡಿಯೋ ದಿಗಂತ, ಅಂದರೆ ಸಿಗ್ನಲ್ ಮುಟ್ಟುವ ದೂರ, ಎಷ್ಟು ಕಿಲೋಮೀಟರ್ ಅಂತ ಸಿಗುತ್ತದೆ. ಕೊಡಚಾದ್ರಿ 1,343 ಮೀಟರ್. ಸಮುದ್ರದ ಕಡೆಗೆ ಸುಮಾರು 150 ಕಿ.ಮೀ. ಆಯಿತು. 10,000 ಮೀಟರ್ ಮೇಲಿರುವ ವಿಮಾನಕ್ಕೆ ಸುಮಾರು 410.

ಹಳೇ ಕ್ಯಾಲೆಂಡರಿನ ಬೆನ್ನಿಗೆ ಇದನ್ನು ಬರೆದು ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಹಂಗಾದ್ರೆ ನೀವು ಬೆಟ್ಟ ಹತ್ತೋದೂ ನಾವು ವಿಮಾನ ಹತ್ತೋದೂ ಒಂದೇ ಲೆಕ್ಕ ಅಲ್ವಾ ಮಾವ?" ಅಂದಳು. ಒಂದೇ ಲೆಕ್ಕ ಕಣೇ, ಅದನ್ನೇ ಹೇಳಲು ಹೊರಟಿದ್ದೆ.

ಎತ್ತರ ಸಿಕ್ಕ ಮೇಲೆ ಒಂದು ತೊಡಕೂ ಬರುತ್ತದೆ. ಮೇಲಿರುವವರ ಮಾತು ನೂರಾರು ಕಿಲೋಮೀಟರ್ ಸುತ್ತ ಎಲ್ಲರಿಗೂ ಕೇಳುತ್ತದೆ. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ? ನಮ್ಮ ಹ್ಯಾಂಡಿಗಳು ಎಫ್‌ಎಂ. ಅದರಲ್ಲಿ ಜೋರಿರುವ ಸಿಗ್ನಲ್ ಇನ್ನೊಂದನ್ನು ನುಂಗಿಬಿಡುತ್ತದೆ, ಇನ್ನೊಬ್ಬರು ಮಾತಾಡಿದ್ದೇ ಗೊತ್ತಾಗುವುದಿಲ್ಲ. ವಿಮಾನಗಳು 118ರಿಂದ 137 ಮೆಗಾಹರ್ಟ್ಸ್‌ನಲ್ಲಿ ಇವತ್ತಿಗೂ ಎಎಂ ಬಳಸುತ್ತವೆ. ಅಲ್ಲಿ ಎರಡೂ ಬೆರೆತು ಕೀರಲು ಸದ್ದು ಬರುತ್ತದೆ. ಮಾತು ಅರ್ಥವಾಗದಿದ್ದರೂ ಇನ್ನೊಬ್ಬರು ಕರೆಯುತ್ತಿದ್ದಾರೆ ಅಂತ ಕಂಟ್ರೋಲರ್‌ಗೆ ತಿಳಿಯುತ್ತದೆ. ಹಳೇ ತಂತ್ರಜ್ಞಾನ ಅಂತ ಎಎಂ ಅನ್ನು ಕಡೆಗಣಿಸುವವರು ಇದನ್ನೊಮ್ಮೆ ಯೋಚಿಸಬೇಕು. ಜೀವ ಉಳಿಸುವ ಗುಣ ಇದು.

ಇನ್ನು ಆಂಟೆನಾ. ಇದರ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ನಾನು ಮನೆಯಲ್ಲಿ ಕಟ್ಟಿಕೊಂಡಿರುವುದು ಕಾಲು ತರಂಗದ್ದು, ಅಂದರೆ ರೇಡಿಯೋ ಅಲೆಯ ಉದ್ದದ ಸುಮಾರು ಕಾಲು ಭಾಗದಷ್ಟಿರುವುದು. ಒಂದು ಕನೆಕ್ಟರ್, ಅದರ ನಡುವೆ ನೆಟ್ಟಗೆ ನಿಂತ 49 ಸೆಂಟಿಮೀಟರ್ ಹಿತ್ತಾಳೆ ಕಡ್ಡಿ, ನಾಲ್ಕು ಮೂಲೆಗೆ ಕೆಳಗೆ ಬಾಗಿಸಿದ ನಾಲ್ಕು ಕಡ್ಡಿ. ಕೆಳಗಿನ ನಾಲ್ಕು ಇಲ್ಲದಿದ್ದರೆ ಮೇಲಿನದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸಣ್ಣ ವಿಮಾನದ ನೆತ್ತಿಯ ಮೇಲೆ ನಿಂತಿರುವ ಕಡ್ಡಿಯೂ ಇದೇ. ಅದರ ಫ್ರೀಕ್ವೆನ್ಸಿ ಕೆಳಗಿರುವುದರಿಂದ ಒಂದಿಷ್ಟು ಉದ್ದ ಜಾಸ್ತಿ, ಅಷ್ಟೇ. ನಾಲ್ಕು ಕಡ್ಡಿಯ ಕೆಲಸವನ್ನು ಅಲ್ಲಿ ಅಲ್ಯೂಮಿನಿಯಂ ಮೈಯೇ ಮಾಡುತ್ತದೆ.

ನನ್ನ ಆಂಟೆನಾ ನಿಂತಿರುವುದು ಅಡಿಕೆ ಕೊಯ್ಯುವ ಹಳೇ ಬಿದಿರಿನ ದೋಟಿಯ ಮೇಲೆ. ಹೊಸ ಕಾರ್ಬನ್ ಫೈಬರ್ ದೋಟಿ ಹಗುರ, ಉದ್ದ, ನೋಡಿದರೆ ಆಸೆಯಾಗುತ್ತದೆ. ಆದರೆ ಕಾರ್ಬನ್ ವಿದ್ಯುತ್ ಹರಿಸುತ್ತದೆ, ಪಕ್ಕದಲ್ಲಿ ತಂತಿ ಇಳಿಬಿಟ್ಟರೆ ಟ್ಯೂನ್ ಕೆಡುತ್ತದೆ. ವಿಮಾನ ಕಟ್ಟುವವರಿಗೂ ಇದೇ ತಲೆನೋವು. ಗ್ಲಾಸ್ ಫೈಬರ್ ವಿಮಾನವಾದರೆ ಆಂಟೆನಾವನ್ನು ಬಾಲದ ಒಳಗೇ ಅಡಗಿಸಬಹುದು, ಕಾರ್ಬನ್ ಮೈಯಾದರೆ ಸಿಗ್ನಲ್ ಹೊರಗೇ ಬರುವುದಿಲ್ಲ. ಈ ಮಾತು ಹೇಳುವಾಗ ಅವಳು ಪುಸ್ತಕ ಮುಚ್ಚಿಟ್ಟು ದೋಟಿಯ ಬುಡಕ್ಕೆ ಬಂದು ಕೈಯಾಡಿಸಿ ನೋಡಿದಳು. ಪಾಠ ಅಂದರೆ ಹೀಗಿರಬೇಕು.

ಶಿವಮೊಗ್ಗ ಹತ್ತಿರದ ಸೋಗಾನೆಯ ಕುವೆಂಪು ವಿಮಾನ ನಿಲ್ದಾಣಕ್ಕೆ 2023ರ ಆಗಸ್ಟ್ 31ರಿಂದ ಪ್ರಯಾಣಿಕರ ವಿಮಾನ ಬರುತ್ತಿದೆ. ಅವುಗಳಿಗಿಂತ ಎಷ್ಟೋ ಮೇಲೆ, ನಮ್ಮ ಊರಲ್ಲಿ ಇಳಿಯದ ದೊಡ್ಡ ಜೆಟ್‌ಗಳು ಬಿಳಿ ಗೆರೆ ಎಳೆದುಕೊಂಡು ಹೋಗುತ್ತವೆ. ನನಗೆ ಈಗ ಬೇಕಿರುವುದು ಅವೇ. ಹೊರದೇಶದ ಹ್ಯಾಮ್‌ಗಳು ವಿಮಾನದ ಲೋಹದ ಮೈಗೆ ಸಿಗ್ನಲ್ ಬಡಿಸಿ ದೂರದವರ ಜೊತೆ ಮಾತಾಡುತ್ತಾರೆ. ಇಬ್ಬರಿಗೂ ಒಂದೇ ವಿಮಾನ ಕಾಣಬೇಕು, ಇಬ್ಬರೂ ಆಂಟೆನಾವನ್ನು ಅದರ ಕಡೆಗೇ ತಿರುಗಿಸಬೇಕು. ಒಂದೊಂದು ಕಡೆ 410 ಅಂದರೆ ಲೆಕ್ಕಕ್ಕೆ 800 ಕಿ.ಮೀ. ದಾಟುತ್ತದೆ. ಸಿಗುವ ಸಮಯ ಮಾತ್ರ ಕಡಿಮೆ. ಕಾಲ್‌ಸೈನ್, ಸಿಗ್ನಲ್ ರಿಪೋರ್ಟ್, ಅಷ್ಟಕ್ಕೇ ಮುಗಿಸಬೇಕು.

ನಮ್ಮ ಗುಡ್ಡದ ನೆತ್ತಿಯಿಂದ ಇದನ್ನು ಮಾಡಿಯೇ ತೀರಬೇಕು ಅಂತ ಕೂತಿದ್ದೇನೆ. ಒಂದೇ ದಿಕ್ಕಿಗೆ ಗುರಿಯಿಡುವ ಯಾಗಿ ಆಂಟೆನಾಗೆ ಅಲ್ಯೂಮಿನಿಯಂ ಪೈಪ್ ಕೊಯ್ದಾಗಿದೆ, ರಿಗ್‌ನಲ್ಲಿ (ನನ್ನ ದೊಡ್ಡ ರೇಡಿಯೋದಲ್ಲಿ) ದುರ್ಬಲ ಸಿಗ್ನಲ್‌ಗೆ ಒಗ್ಗುವ ಎಸ್‌ಎಸ್‌ಬಿ ವಿಧಾನವೂ ಇದೆ. ಬೆಂಗಳೂರು ಕಡೆ ಎರಡು ಮೀಟರಿನಲ್ಲಿ ಎಸ್‌ಎಸ್‌ಬಿ ಇರುವ ಹ್ಯಾಮ್‌ಗಳು ಯಾರಾದರೂ ಭಾನುವಾರ ಬೆಳಿಗ್ಗೆ ಸಿಗುತ್ತೀರಾ? ಯಾವ ವಿಮಾನ ಎಷ್ಟು ಹೊತ್ತಿಗೆ ನಮ್ಮಿಬ್ಬರ ನಡುವೆ ಹಾದುಹೋಗುತ್ತದೆ ಅನ್ನುವುದನ್ನು ಅಕ್ಕನ ಮಗಳೇ ಪಟ್ಟಿ ಮಾಡಿಕೊಡುತ್ತಾಳಂತೆ.